ಎರಡು ಕಟ್ಟಡಗಳಿಗೆ ಒಂದೇ ಅಂತರ್ಜಾಲ ಸಂಪರ್ಕ: ಮೊದಲು ಕಟ್ಟಡಗಳ ಜೋಡಣೆ, ಬಳಿಕ ವೈ-ಫೈ ವಿಸ್ತರಣೆ

ಗ್ರಾಮ ಪಂಚಾಯತಿ ಸದಸ್ಯರ ಮಾಹಿತಿಗಾಗಿ

ಅಂಕೋಲಾದಿಂದ ಯಲ್ಲಾಪುರದತ್ತ ಸಾಗುವ ರಾಷ್ಟ್ರೀಯ ಹೆದ್ದಾರಿಯ ಬದಿಯಲ್ಲಿ, ಗಂಗಾವಳಿ ನದಿಯ ಕಣಿವೆಯಲ್ಲಿರುವ ರಾಮನಗುಳಿ ಹಾಗೂ ಸುತ್ತಲಿನ ಗ್ರಾಮಗಳಲ್ಲಿ ಕಟ್ಟಡಗಳು ಒಂದಕ್ಕೊಂದು ತಾಗಿಕೊಂಡಿರುವುದು ವಿರಳ. ಅಡಿಕೆ ತೋಟದ ನಡುವೆ ಹಿರಿಯರ ಕಾಲದ ಮನೆ, ಅಂಗಳದಾಚೆ ಕೊಟ್ಟಿಗೆ, ತುಸು ದೂರದಲ್ಲಿ ಮಗ ಸೊಸೆಗೆಂದು ಕಟ್ಟಿದ ಹೊಸ ಮನೆ, ಹೀಗೆ ಒಂದೇ ಕುಟುಂಬದ ವಾಸವು ಎರಡು ಮೂರು ಸೂರುಗಳಲ್ಲಿ ಹಂಚಿಹೋಗಿರುತ್ತದೆ. ಸಾರ್ವಜನಿಕ ಕಟ್ಟಡಗಳ ಸ್ಥಿತಿಯೂ ಭಿನ್ನವಲ್ಲ. ಅನೇಕ ಗ್ರಾಮಗಳಲ್ಲಿ ಪಂಚಾಯತಿ ಕಾರ್ಯಾಲಯ, ಅರಿವು ಕೇಂದ್ರ, ಅಂಗನವಾಡಿ ಮತ್ತು ಶಾಲೆಗಳು ರಸ್ತೆಯ ಅಥವಾ ಹಳ್ಳದ ಎರಡು ಬದಿಗಳಲ್ಲಿರುತ್ತವೆ. ಅಂತರ್ಜಾಲದ ತಂತಿ ಮಾತ್ರ ಇವುಗಳಲ್ಲಿ ಒಂದು ಕಟ್ಟಡದೊಳಕ್ಕೆ ಬಂದು ನಿಂತಿರುತ್ತದೆ.

ರಾಷ್ಟ್ರೀಯ ಆಪ್ಟಿಕಲ್ ಫೈಬರ್ ಜಾಲವೆಂಬ ಹೆಸರಿನಲ್ಲಿ 2011ರ ಅಕ್ಟೋಬರಿನಲ್ಲಿ ಅನುಮೋದನೆಗೊಂಡು, ಮುಂದೆ ಭಾರತ್‌ನೆಟ್ ಎಂದು ಕರೆಯಲ್ಪಟ್ಟ ಯೋಜನೆಯು ಗ್ರಾಮ ಪಂಚಾಯತಿಯವರೆಗೆ ಫೈಬರ್ ತಲುಪಿಸುವ ಗುರಿಯನ್ನು ಹೊಂದಿದೆ. ಅಲ್ಲಿಂದ ಮುಂದಿನ ಐವತ್ತು ಅಥವಾ ನೂರು ಮೀಟರನ್ನು ಹೇಗೆ ದಾಟಬೇಕೆಂಬುದು ಹೆಚ್ಚಾಗಿ ಪಂಚಾಯತಿಯ ತೀರ್ಮಾನಕ್ಕೆ ಬರುವ ವಿಷಯ. ಈ ತೀರ್ಮಾನವು ಚಿಕ್ಕದೆಂದು ಕಂಡರೂ ಅದರ ಪರಿಣಾಮ ಚಿಕ್ಕದಲ್ಲ. ಪಂಚಾಯತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ವರ್ಗಾವಣೆಗೊಂಡು, ಇಂದು ಅರಿವು ಕೇಂದ್ರಗಳೆನಿಸಿವೆ. ಮೊಬೈಲ್ ಸಂಕೇತ ದುರ್ಬಲವಾಗಿರುವ ಊರಿನಲ್ಲಿ, ಸ್ಪರ್ಧಾತ್ಮಕ ಪರೀಕ್ಷೆಗೆ ಅರ್ಜಿ ಸಲ್ಲಿಸುವ ಯುವತಿಗೂ ವಿದ್ಯಾರ್ಥಿವೇತನದ ವಿವರ ಹುಡುಕುವ ವಿದ್ಯಾರ್ಥಿಗೂ ಅರಿವು ಕೇಂದ್ರದ ಗಣಕಯಂತ್ರವೇ ಆಸರೆ. ಆ ಯಂತ್ರಕ್ಕೆ ಸಂಪರ್ಕವಿಲ್ಲದಿದ್ದರೆ ಅರ್ಜಿಯ ಕೊನೆಯ ದಿನಾಂಕ ಅವರಿಗಾಗಿ ಕಾಯುವುದಿಲ್ಲ.

ಹೆಚ್ಚು ಬಲದ ರೌಟರಿನಿಂದ ಸಮಸ್ಯೆ ಏಕೆ ಪರಿಹಾರವಾಗುವುದಿಲ್ಲ

ಪಕ್ಕದ ಕಟ್ಟಡಕ್ಕೆ ವೈ-ಫೈ ಸಿಗುತ್ತಿಲ್ಲವೆಂದಾಗ ಸಾಮಾನ್ಯವಾಗಿ ಹೊಳೆಯುವ ಉಪಾಯವೆಂದರೆ ನಾಲ್ಕಾರು ಆಂಟೆನಾಗಳಿರುವ ದುಬಾರಿ ರೌಟರನ್ನು ಖರೀದಿಸುವುದು. ಈ ಖರ್ಚು ಬಹುತೇಕ ವ್ಯರ್ಥವಾಗುತ್ತದೆ. ಇದಕ್ಕೆ ಮೂರು ಕಾರಣಗಳಿವೆ.

ಮೊದಲನೆಯದು ದೂರ. ತೆರೆದ ಬಯಲಿನಲ್ಲಿಯೂ ಅಂತರವು ಎರಡು ಪಟ್ಟಾದರೆ ತಲುಪುವ ಸಂಕೇತದ ಬಲ ನಾಲ್ಕನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಹತ್ತು ಮೀಟರಿನಲ್ಲಿ ಇದ್ದ ಬಲವು ಎಂಬತ್ತು ಮೀಟರಿನಲ್ಲಿ ಅರವತ್ನಾಲ್ಕನೆಯ ಒಂದು ಭಾಗವಾಗಿರುತ್ತದೆ.

ಎರಡನೆಯದು ನಡುವಿನ ಅಡೆತಡೆ. ಕರಾವಳಿಯ ಚಿರೇಕಲ್ಲಿನ ದಪ್ಪ ಗೋಡೆಗಳು, ಅದರಲ್ಲೂ ಮಳೆಗಾಲದಲ್ಲಿ ತೇವ ಹೀರಿದಾಗ, ತರಂಗಗಳನ್ನು ಬಹುವಾಗಿ ಕುಗ್ಗಿಸುತ್ತವೆ. ಕಬ್ಬಿಣದ ಸರಳುಗಳಿರುವ ಕಾಂಕ್ರೀಟು ಮತ್ತು ತಗಡಿನ ಹೊದಿಕೆಗಳು ಅವುಗಳನ್ನು ಹಿಂದಕ್ಕೆ ತಳ್ಳುತ್ತವೆ. ವೈ-ಫೈ ಬಳಸುವ ಎರಡು ಮುಖ್ಯ ತರಂಗಪಟ್ಟಿಗಳಲ್ಲಿ 2.4 ಗಿಗಾಹರ್ಟ್ಸ್ ಗೋಡೆಗಳನ್ನು ಸ್ವಲ್ಪ ಮಟ್ಟಿಗೆ ದಾಟುತ್ತದೆ. 5 ಗಿಗಾಹರ್ಟ್ಸ್ ಹೆಚ್ಚು ವೇಗ ನೀಡುತ್ತದೆಯಾದರೂ ಗೋಡೆಯ ಮುಂದೆ ಬೇಗ ಸೋಲುತ್ತದೆ.

ಮೂರನೆಯ ಕಾರಣವು ಹಲವರ ಗಮನಕ್ಕೆ ಬಾರದಿರುವಂಥದು. ಅಂತರ್ಜಾಲದ ಬಳಕೆಯು ಆಕಾಶವಾಣಿ ಕೇಳುವಂತೆ ಒಂದೇ ದಿಕ್ಕಿನದಲ್ಲ. ರೌಟರ್ ಮಾತನಾಡಿದಂತೆ ಮೊಬೈಲು ಅಥವಾ ಗಣಕಯಂತ್ರವೂ ತಿರುಗಿ ಮಾತನಾಡಬೇಕು. ರೌಟರಿನ ಬಲ ಹೆಚ್ಚಿದರೂ ಮೊಬೈಲಿನ ಬಲ ಹೆಚ್ಚುವುದಿಲ್ಲ. ಆದುದರಿಂದಲೇ ಪಕ್ಕದ ಮನೆಯಲ್ಲಿ ವೈ-ಫೈ ಗುರುತಿನ ಗೆರೆಗಳು ತುಂಬಿದಂತೆ ಕಂಡರೂ ಪುಟ ತೆರೆಯುವುದಿಲ್ಲ, ವಿಡಿಯೋ ಕರೆ ನಡುವೆಯೇ ಕಡಿಯುತ್ತದೆ.

ಈ ಕಾರಣಗಳಿಂದ ಅನುಸರಿಸಬೇಕಾದ ಕ್ರಮ ಸ್ಪಷ್ಟವಾಗುತ್ತದೆ. ಒಂದು ಕಟ್ಟಡದ ವೈ-ಫೈಯನ್ನು ಇನ್ನೊಂದರೊಳಕ್ಕೆ ತಳ್ಳುವ ಪ್ರಯತ್ನವನ್ನು ಬಿಟ್ಟು, ಎರಡೂ ಕಟ್ಟಡಗಳನ್ನು ಗಟ್ಟಿಯಾದ ಒಂದು ಕೊಂಡಿಯಿಂದ ಮೊದಲು ಜೋಡಿಸಬೇಕು. ಆ ಬಳಿಕ ಎರಡನೆಯ ಕಟ್ಟಡದ ಒಳಗೆ ಅದರದೇ ಆದ ಚಿಕ್ಕ ವೈ-ಫೈ ಸಾಧನವನ್ನು ಇಡಬೇಕು. ಕೃಷಿಕರಿಗೆ ಇದು ಹೊಸ ವಿಚಾರವಲ್ಲ. ತೋಟದ ತುದಿಗೆ ನೀರು ಬೇಕಾದಾಗ ಬಾವಿಯ ಬಳಿ ನಿಂತು ನೀರನ್ನು ಎರಚುವುದಿಲ್ಲ. ಅಲ್ಲಿಯವರೆಗೆ ಕೊಳವೆ ಎಳೆದು, ಅಲ್ಲಿ ತುಂತುರು ಸಾಧನವನ್ನು ಅಳವಡಿಸಲಾಗುತ್ತದೆ.

ಖರೀದಿಗೆ ಮುನ್ನ ಅಳತೆ

ಯಾವುದೇ ಸಾಧನ ಕೊಳ್ಳುವ ಮೊದಲು ಮೂರು ಸಂಗತಿಗಳನ್ನು ಅಳೆದು ಬರೆದಿಡುವುದು ಅವಶ್ಯ.

ಮೂಲ ಸಂಪರ್ಕದ ವೇಗವನ್ನು ರೌಟರಿಗೆ ತಂತಿಯಿಂದ ಜೋಡಿಸಿದ ಗಣಕಯಂತ್ರದಲ್ಲಿ ಬೆಳಿಗ್ಗೆ, ಮಧ್ಯಾಹ್ನ ಮತ್ತು ಸಂಜೆ ಪರೀಕ್ಷಿಸಬೇಕು. ಮೂಲದಲ್ಲಿಯೇ ವೇಗವಿಲ್ಲದಿದ್ದರೆ ವಿಸ್ತರಣೆಯಿಂದ ಅದು ಹುಟ್ಟಿಬರುವುದಿಲ್ಲ. ಅಂತಹ ಸಂದರ್ಭದಲ್ಲಿ ಮೊದಲು ಸಂಪರ್ಕ ನೀಡಿದ ಸಂಸ್ಥೆಗೆ ದೂರು ಸಲ್ಲಿಸುವುದು ಸರಿಯಾದ ಕ್ರಮ.

ಎರಡನೆಯದಾಗಿ ಕಟ್ಟಡಗಳ ನಡುವಿನ ನೇರ ಅಂತರವನ್ನೂ ತಂತಿ ಸಾಗಬೇಕಾದ ದಾರಿಯ ಉದ್ದವನ್ನೂ ಪ್ರತ್ಯೇಕವಾಗಿ ಅಳೆಯಬೇಕು. ಇವೆರಡೂ ಬೇರೆ ಬೇರೆ ಅಂಕಿಗಳು.

ಮೂರನೆಯದಾಗಿ ಎರಡನೆಯ ಕಟ್ಟಡದಲ್ಲಿ ಸಂಕೇತದ ಬಲವನ್ನು ಮೊಬೈಲಿನ ಉಚಿತ ತಂತ್ರಾಂಶದಿಂದ ನೋಡಬೇಕು. ಈ ಬಲವನ್ನು ಡಿಬಿಎಂ ಎಂಬ ಮಾನದಲ್ಲಿ, ಋಣ ಸಂಖ್ಯೆಯಾಗಿ ತೋರಿಸಲಾಗುತ್ತದೆ. ಸೊನ್ನೆಗೆ ಹತ್ತಿರವಿದ್ದಷ್ಟೂ ಬಲ ಹೆಚ್ಚು. ಋಣ 65ರ ಆಸುಪಾಸಿನಲ್ಲಿ ವಿಡಿಯೋ ಕರೆಯೂ ಸುಗಮ. ಋಣ 80ನ್ನು ಮೀರಿ ಇಳಿದರೆ ಸಂಪರ್ಕವನ್ನು ನಂಬುವಂತಿಲ್ಲ. ಪ್ರತಿ ಹತ್ತು ಅಂಕೆ ಇಳಿದಾಗಲೂ ಬಲವು ಹತ್ತನೆಯ ಒಂದು ಭಾಗವಾಗುತ್ತದೆ.

ಅಂತರ ಇಪ್ಪತ್ತು ಮೂವತ್ತು ಮೀಟರಿನೊಳಗಿದ್ದರೆ, ಖರ್ಚಿಲ್ಲದ ಒಂದು ಪರೀಕ್ಷೆಯನ್ನು ಮೊದಲು ಮಾಡಬಹುದು. ಒಳಕೋಣೆಯ ಕಪಾಟಿನಲ್ಲಿರುವ ರೌಟರನ್ನು ಎರಡನೆಯ ಕಟ್ಟಡದ ಕಡೆಗೆ ಮುಖ ಮಾಡಿದ ಕಿಟಕಿಯ ಬಳಿಗೆ, ಎತ್ತರದ ಸ್ಥಳಕ್ಕೆ ಸಾಗಿಸಿ ಪುನಃ ಅಳೆಯಬೇಕು. ಒಂದು ಗೋಡೆ ಕಡಿಮೆಯಾದುದರಿಂದಲೇ ಕೆಲವೊಮ್ಮೆ ಸಮಸ್ಯೆ ಬಗೆಹರಿಯುತ್ತದೆ.

ಜೋಡಣೆಯ ನಾಲ್ಕು ಮಾರ್ಗಗಳು

1. ರಿಪೀಟರ್: ಇದು ದುರ್ಬಲಗೊಂಡ ಸಂಕೇತವನ್ನು ನಡುದಾರಿಯಲ್ಲಿ ಹಿಡಿದು ಪುನಃ ಪ್ರಸಾರ ಮಾಡುವ ಸಾಧನ. ಅಗ್ಗ, ಅಳವಡಿಕೆ ಸುಲಭ. ಆದರೆ ಒಂದೇ ರೇಡಿಯೋದಿಂದ ಕೇಳುವುದನ್ನೂ ಹೇಳುವುದನ್ನೂ ಮಾಡುವ ರಿಪೀಟರಿನಲ್ಲಿ ವೇಗವು ಸುಮಾರು ಅರ್ಧಕ್ಕಿಳಿಯುತ್ತದೆ. ಅದನ್ನು ಸಂಕೇತವೇ ಇಲ್ಲದ ಸ್ಥಳದಲ್ಲಿ ಇಟ್ಟರೆ ಪ್ರಯೋಜನವಿಲ್ಲ. ಸಂಕೇತ ಇನ್ನೂ ಚೆನ್ನಾಗಿರುವ ಅಂಚಿನಲ್ಲಿ ಇಡಬೇಕು. ಮನೆಯಿಂದ ಅಂಗಳದಾಚೆಯ ಕೋಣೆಗೆ, ಒಬ್ಬಿಬ್ಬರ ಬಳಕೆಗೆ ಇದು ಸಾಕಾಗಬಹುದು. ಹತ್ತು ಜನ ಕುಳಿತು ಓದುವ ಅರಿವು ಕೇಂದ್ರಕ್ಕೆ ಇದು ತಕ್ಕುದಲ್ಲ.

2. ತಾಮ್ರದ ಈಥರ್ನೆಟ್ ತಂತಿ: ಒಂದು ತುದಿಯಿಂದ ಇನ್ನೊಂದು ತುದಿಗೆ ಗರಿಷ್ಠ 100 ಮೀಟರ್ ಎಂಬುದು ಇದರ ಮಿತಿ. ನೇರ ಅಂತರ 80 ಮೀಟರಿದ್ದರೂ ಗೋಡೆ ಹತ್ತಿ, ಇಳಿದು, ಅಂಗಳವನ್ನು ಬಳಸಿ ಹೋಗುವಾಗ ಈ ಮಿತಿ ಮೀರುವ ಸಂಭವವಿದೆ. ಇದಕ್ಕಿಂತ ಗಂಭೀರವಾದ ಸಂಗತಿ ಸಿಡಿಲಿನದು. ಎರಡು ಕಟ್ಟಡಗಳ ಅರ್ಥಿಂಗ್ ಬೇರೆ ಬೇರೆಯಾಗಿರುವುದರಿಂದ, ಸಮೀಪದಲ್ಲಿ ಸಿಡಿಲು ಬಡಿದಾಗ ಅವುಗಳ ನಡುವೆ ಉಂಟಾಗುವ ವಿದ್ಯುದೊತ್ತಡವು ತಾಮ್ರದ ತಂತಿಯ ಮೂಲಕ ಹರಿದು ಎರಡೂ ಕಡೆಯ ಯಂತ್ರಗಳನ್ನು ಸುಡಬಲ್ಲದು. ತಂತಿಯನ್ನು ಹಿಡಿದವರಿಗೂ ಅಪಾಯವುಂಟು. ಆದುದರಿಂದ ಬೇರೆ ಬೇರೆ ಕಟ್ಟಡಗಳ ನಡುವೆ ತೆರೆದ ಬಯಲಿನಲ್ಲಿ ತಾಮ್ರದ ತಂತಿ ಎಳೆಯದಿರುವುದೇ ಲೇಸು.

3. ಆಪ್ಟಿಕಲ್ ಫೈಬರ್: ಇದರಲ್ಲಿ ಹರಿಯುವುದು ಬೆಳಕು. ಗಾಜಿನ ಎಳೆಯು ವಿದ್ಯುತ್ತನ್ನು ಒಯ್ಯುವುದಿಲ್ಲವಾದ ಕಾರಣ ಸಿಡಿಲಿನ ಆಘಾತವು ಅದರ ಮೂಲಕ ಒಂದು ಕಟ್ಟಡದಿಂದ ಇನ್ನೊಂದಕ್ಕೆ ದಾಟದು. ಇದಕ್ಕಾಗಿ ಉಕ್ಕಿನ ಆಧಾರತಂತಿ ಅಥವಾ ಲೋಹದ ಕವಚವಿಲ್ಲದ ಫೈಬರನ್ನೇ ಕೇಳಿ ಪಡೆಯಬೇಕು. ನೂರು ಮೀಟರಿಗೂ ಒಂದು ಕಿಲೋಮೀಟರಿಗೂ ವೇಗದಲ್ಲಿ ವ್ಯತ್ಯಾಸ ಕಾಣುವುದಿಲ್ಲ. ಎರಡು ತುದಿಗಳಲ್ಲಿ ಬೆಳಕನ್ನು ವಿದ್ಯುತ್ ಸಂಕೇತವಾಗಿ ಮಾರ್ಪಡಿಸುವ ಮೀಡಿಯಾ ಕನ್ವರ್ಟರ್ ಎಂಬ ಚಿಕ್ಕ ಪೆಟ್ಟಿಗೆಗಳು ಬೇಕು. ಹಸಿರು ಮತ್ತು ನೀಲಿ ಬಣ್ಣದ ಕನೆಕ್ಟರುಗಳನ್ನು ಪರಸ್ಪರ ಜೋಡಿಸಬಾರದು. ಅವುಗಳ ತುದಿಯ ಕೋನ ಬೇರೆಯಾಗಿದ್ದು ಬೆಳಕು ನಷ್ಟವಾಗುತ್ತದೆ. ಎಳೆಯನ್ನು ಪ್ಲಾಸ್ಟಿಕ್ ಕೊಳವೆಯೊಳಗಿರಿಸಿ ಸುಮಾರು ಎರಡು ಅಡಿ ಆಳದಲ್ಲಿ ಹೂಳುವುದು ಉತ್ತಮ. ತೋಟದಲ್ಲಿ ಗೊಬ್ಬರಕ್ಕಾಗಿ ಅಗೆಯುವ ಜಾಗವನ್ನು ಬಿಟ್ಟು ಬೇಲಿಯ ಅಂಚಿನಲ್ಲಿ ಸಾಗಿಸಬೇಕು, ದಾರಿಯನ್ನು ನಕ್ಷೆಯಲ್ಲಿ ಗುರುತಿಸಬೇಕು. ಮೇಲಿನಿಂದ ಎಳೆದರೆ ಮಂಗ ಮತ್ತು ಅಳಿಲುಗಳ ಕಾಟವನ್ನೂ ಗಾಳಿಗೆ ಮುರಿದು ಬೀಳುವ ಕೊಂಬೆಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ.

4. ನಿಸ್ತಂತು ಸೇತು: ನಡುವೆ ಹಳ್ಳ, ಹೆದ್ದಾರಿ ಅಥವಾ ಅಗೆಯಲಾಗದ ಜಾಗವಿದ್ದಾಗ ಇದೇ ಯೋಗ್ಯ ಮಾರ್ಗ. ಒಂದು ದಿಕ್ಕಿಗೆ ಮಾತ್ರ ಸಂಕೇತ ಕಳುಹಿಸುವ ಆಂಟೆನಾ ಇರುವ ಎರಡು ಹೊರಾಂಗಣ ಸಾಧನಗಳನ್ನು ಎರಡು ಕಟ್ಟಡಗಳ ಮೇಲೆ ಪರಸ್ಪರ ಮುಖಾಮುಖಿಯಾಗಿ ನಿಲ್ಲಿಸಲಾಗುತ್ತದೆ. ಲಾಟೀನಿನ ಬೆಳಕು ಸುತ್ತಲೂ ಹರಡಿ ಮಂದವಾಗುತ್ತದೆ. ಟಾರ್ಚಿನ ಬೆಳಕು ಒಂದೇ ಕಡೆ ಹರಿದು ದೂರ ಮುಟ್ಟುತ್ತದೆ. ಮನೆಯ ರೌಟರಿಗೂ ಈ ಸಾಧನಕ್ಕೂ ಇರುವ ವ್ಯತ್ಯಾಸ ಅದೇ. ತಮಿಳುನಾಡಿನ ಥೇಣಿಯ ಅರವಿಂದ ಕಣ್ಣಿನ ಆಸ್ಪತ್ರೆಯು ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರ ನೆರವಿನಿಂದ, ಸುಮಾರು ಎರಡು ದಶಕಗಳ ಹಿಂದೆಯೇ, ಕಿಲೋಮೀಟರುಗಟ್ಟಲೆ ದೂರದ ಹಳ್ಳಿಗಳ ದೃಷ್ಟಿ ಕೇಂದ್ರಗಳನ್ನು ಇಂತಹ ವೈ-ಫೈ ಕೊಂಡಿಗಳಿಂದ ಜೋಡಿಸಿ, ವೈದ್ಯರು ವಿಡಿಯೋ ಮೂಲಕ ರೋಗಿಗಳನ್ನು ನೋಡುವ ವ್ಯವಸ್ಥೆ ಮಾಡಿತು. ನಮ್ಮದೇ ರಾಜ್ಯದ ತುಮಕೂರು ಜಿಲ್ಲೆಯ ದೇವರಾಯನದುರ್ಗದ ಪರಿಸರದಲ್ಲಿ ಜನಸ್ತು ಸಂಸ್ಥೆಯು ಸಮುದಾಯದ ನಿಸ್ತಂತು ಜಾಲವನ್ನು ರೂಪಿಸಿದೆ. ಅಷ್ಟು ದೂರಕ್ಕೆ ಸಾಧ್ಯವಾದುದು ರಸ್ತೆಯಾಚೆಯ ಅರಿವು ಕೇಂದ್ರಕ್ಕೆ ಅಸಾಧ್ಯವೇನಲ್ಲ.

ಆದರೆ ಇದಕ್ಕೊಂದು ಕಟ್ಟುನಿಟ್ಟಿನ ಷರತ್ತಿದೆ. ಒಂದು ಸಾಧನ ನಿಂತ ಸ್ಥಳದಿಂದ ಇನ್ನೊಂದು ಬರಿಗಣ್ಣಿಗೆ ಕಾಣಬೇಕು. ದಾರದಂತಹ ಸಂದು ಕಂಡರೆ ಸಾಲದು. ತರಂಗವು ಸೌತೆಕಾಯಿಯಂತೆ ನಡುವೆ ಉಬ್ಬಿದ, ತುದಿಗಳಲ್ಲಿ ಕಿರಿದಾದ ಆಕಾರದ ಜಾಗವನ್ನು ಬಳಸಿ ಸಾಗುತ್ತದೆ. ಇದಕ್ಕೆ ಫ್ರೆನೆಲ್ ವಲಯವೆಂದು ಹೆಸರು. 5.8 ಗಿಗಾಹರ್ಟ್ಸಿನಲ್ಲಿ 100 ಮೀಟರ್ ಅಂತರಕ್ಕೆ ಈ ವಲಯದ ತ್ರಿಜ್ಯ ನಡುಭಾಗದಲ್ಲಿ ಸುಮಾರು 1.1 ಮೀಟರ್, 300 ಮೀಟರಿಗೆ ಸುಮಾರು 2 ಮೀಟರ್. ಇದರಲ್ಲಿ ಕನಿಷ್ಠ ಶೇಕಡಾ 60ರಷ್ಟು ತೆರವಾಗಿರಬೇಕು. ಬೇಸಿಗೆಯಲ್ಲಿ ಎಲೆಯುದುರಿದ ಸಾಗುವಾನಿಯ ನಡುವೆ ಕಾಣುವ ದಾರಿ ಜುಲೈ ತಿಂಗಳಲ್ಲಿ ಮುಚ್ಚಿಹೋಗಿರುತ್ತದೆ. ಇಂದು ತಗ್ಗಿನಲ್ಲಿರುವ ಅಡಿಕೆ ಸಸಿಯು ಕೆಲವೇ ವರ್ಷಗಳಲ್ಲಿ ಅಡ್ಡ ಬರುತ್ತದೆ. ಸಾಧನದ ಎತ್ತರವನ್ನು ನಿರ್ಧರಿಸುವಾಗ ಇವೆರಡನ್ನೂ ಗಮನಿಸತಕ್ಕದ್ದು.

ಸಂಕ್ಷೇಪವಾಗಿ ಹೇಳುವುದಾದರೆ, ಅಗೆಯಲು ಅವಕಾಶವಿದ್ದಲ್ಲಿ ಫೈಬರ್. ಅಗೆಯಲಾಗದೆ ದೃಷ್ಟಿ ತೆರವಾಗಿದ್ದಲ್ಲಿ ನಿಸ್ತಂತು ಸೇತು. ಅಂಗಳದಾಚೆಯ ಅಲ್ಪ ಬಳಕೆಗೆ ರಿಪೀಟರ್.

ಮಳೆ, ಸಿಡಿಲು ಮತ್ತು ವಿದ್ಯುತ್ ಕಡಿತ

ವರ್ಷಕ್ಕೆ 3,000 ಮಿಲಿಮೀಟರಿಗೂ ಮೀರಿ ಮಳೆ ಬೀಳುವ ಈ ಭಾಗದಲ್ಲಿ ನಿಸ್ತಂತು ಸೇತು ನಿಲ್ಲುವುದೇ ಎಂಬ ಸಂದೇಹ ಸಹಜ. 5 ಗಿಗಾಹರ್ಟ್ಸಿನಲ್ಲಿ, ಕೆಲವು ನೂರು ಮೀಟರ್ ಅಂತರದಲ್ಲಿ, ಮಳೆಯ ಹನಿಗಳಿಂದಾಗುವ ನಷ್ಟವು ಗಣನೆಗೆ ಬಾರದಷ್ಟು ಅಲ್ಪ. ಮಳೆಗಾಲದಲ್ಲಿ ಸಂಪರ್ಕ ಕಡಿಯಲು ನಿಜವಾದ ಕಾರಣಗಳು ಬೇರೆ: ದಾರಿಗೆ ಅಡ್ಡವಾದ ಒದ್ದೆ ಎಲೆಗಳು, ತಂತಿಯ ಜೋಡಣೆಯೊಳಗೆ ಸೇರಿದ ನೀರು, ಗಾಳಿಗೆ ಸರಿದ ಆಂಟೆನಾ ಮತ್ತು ವಿದ್ಯುತ್ ಕಡಿತ. ಇವು ನಾಲ್ಕೂ ಮುಂಜಾಗ್ರತೆಯಿಂದ ತಡೆಯಬಹುದಾದವು. ತಂತಿಯು ಸಾಧನದ ಕೆಳಭಾಗದಿಂದಲೇ ಒಳಸೇರುವಂತೆಯೂ, ಗೋಡೆಯೊಳಕ್ಕೆ ಹೋಗುವ ಮುನ್ನ ಕೆಳಕ್ಕೆ ಬಾಗಿ ನೀರನ್ನು ಇಳಿಸುವಂತೆಯೂ ಅಳವಡಿಸಬೇಕು. ಆಧಾರದ ಕಂಬವನ್ನು ಹೆಂಚಿಗೆ ಅಥವಾ ತಗಡಿಗೆ ಕಟ್ಟದೆ ಗೋಡೆಗೆ ಬಿಗಿಯಬೇಕು. 2019ರ ಆಗಸ್ಟ್ ಮತ್ತು 2021ರ ಜುಲೈ ತಿಂಗಳ ಗಂಗಾವಳಿ ನೆರೆಯನ್ನು ಕಂಡ ಊರುಗಳಲ್ಲಿ, ಒಳಗಿನ ಪೆಟ್ಟಿಗೆಗಳನ್ನು ಅಂದಿನ ನೀರಿನ ಗುರುತಿಗಿಂತ ಮೇಲಿರಿಸುವುದು ವಿವೇಕ.

ಸಿಡಿಲಿನ ಭಯ ಮುಂಗಾರಿಗೆ ಮುನ್ನಿನ ಮತ್ತು ಹಿಂಗಾರಿನ ಗುಡುಗುಮಳೆಗಳಲ್ಲಿ ಅಧಿಕ. ಹೊರಾಂಗಣ ಸಾಧನದ ಲೋಹದ ಕಂಬಕ್ಕೆ ಅರ್ಥಿಂಗ್, ತಂತಿಯು ಒಳಬರುವಲ್ಲಿ ಸರ್ಜ್ ಅರೆಸ್ಟರ್ ಇರಲೇಬೇಕು. ಗುಡುಗು ಆರಂಭವಾದ ಬಳಿಕ ಯಾರೂ ಮಾಡಿನ ಮೇಲೆ ಹತ್ತಿ ಸಾಧನವನ್ನು ಮುಟ್ಟಬಾರದು.

ವಿದ್ಯುತ್ತಿನ ವಿಷಯದಲ್ಲಿ ಒಂದು ತಪ್ಪು ಪದೇ ಪದೇ ಆಗುತ್ತದೆ. ಮುಖ್ಯ ಕಟ್ಟಡದಲ್ಲಿ ಬ್ಯಾಟರಿ ಇದ್ದು ಎರಡನೆಯದರಲ್ಲಿ ಇಲ್ಲದಿದ್ದರೆ, ವಿದ್ಯುತ್ ಹೋದೊಡನೆ ಕೊಂಡಿ ಕಡಿಯುತ್ತದೆ. ಎರಡೂ ತುದಿಗಳಿಗೆ ಬ್ಯಾಟರಿ ಬೇಕು. ಮನೆಯ ರೌಟರುಗಳು ಸಾಮಾನ್ಯವಾಗಿ 12 ವೋಲ್ಟಿನವು. ಹೊರಾಂಗಣ ಸಾಧನಗಳಲ್ಲಿ ಅನೇಕವು 24 ವೋಲ್ಟಿನವು. ಕೊಳ್ಳುವ ಚಿಕ್ಕ ಯುಪಿಎಸ್ ಯಾವ ವೋಲ್ಟಿನದೆಂದು ನೋಡದೆ ಖರೀದಿಸಿದರೆ ಅದು ಮೂಲೆ ಸೇರುತ್ತದೆ.

ಎರಡನೆಯ ಕಟ್ಟಡದ ಒಳಗೆ

ಕೊಂಡಿ ತಲುಪಿದ ನಂತರ ಒಳಗೆ ಒಂದು ಆ್ಯಕ್ಸೆಸ್ ಪಾಯಿಂಟ್ ಇಡಬೇಕು. ಹಳೆಯ ರೌಟರ್ ಇದ್ದರೆ ಅದನ್ನೇ ಆ್ಯಕ್ಸೆಸ್ ಪಾಯಿಂಟ್ ವಿಧಾನಕ್ಕೆ ಬದಲಿಸಿ ಬಳಸಬಹುದು. ಸಾಧನಗಳಿಗೆ ವಿಳಾಸ ಹಂಚುವ ಡಿಎಚ್‌ಸಿಪಿ ಕೆಲಸವು ಮುಖ್ಯ ರೌಟರಿನಲ್ಲಿ ಮಾತ್ರ ಇರಬೇಕು. ಎರಡು ಕಡೆ ಹಂಚಿಕೆ ನಡೆದರೆ ಜಾಲವೇ ಗೊಂದಲಕ್ಕೀಡಾಗುತ್ತದೆ. ಮನೆಯಲ್ಲಾದರೆ ಎರಡೂ ಕಟ್ಟಡಗಳಲ್ಲಿ ಒಂದೇ ಹೆಸರು, ಒಂದೇ ಗುಪ್ತಪದವಿದ್ದರೆ ಮೊಬೈಲು ತಾನಾಗಿ ಬದಲಾಯಿಸಿಕೊಳ್ಳುತ್ತದೆ. 2.4 ಗಿಗಾಹರ್ಟ್ಸಿನಲ್ಲಿ ಒಂದಕ್ಕೊಂದು ಅಡ್ಡಬಾರದ ಚಾನೆಲುಗಳು 1, 6 ಮತ್ತು 11. ಒಂದು ಕಟ್ಟಡಕ್ಕೆ 1 ಎಂದಿದ್ದರೆ ಇನ್ನೊಂದಕ್ಕೆ 6 ಅಥವಾ 11 ಆರಿಸಬೇಕು.

ಪಂಚಾಯತಿ ಕಾರ್ಯಾಲಯದಲ್ಲಿ ಮಾತ್ರ ಎಚ್ಚರ ಹೆಚ್ಚಿರಬೇಕು. ಕಾರ್ಯಾಲಯದ ಲೆಕ್ಕಪತ್ರ ಹಾಗೂ ಆಸ್ತಿ ದಾಖಲೆಗಳ ಗಣಕಯಂತ್ರಗಳಿರುವ ಜಾಲವನ್ನೂ ಅರಿವು ಕೇಂದ್ರದ ಓದುಗರ ಜಾಲವನ್ನೂ ಪ್ರತ್ಯೇಕಿಸಬೇಕು. ಓದುಗರಿಗೆ ಬೇರೆ ಹೆಸರು ಹಾಗೂ ಬೇರೆ ಗುಪ್ತಪದವಿರಬೇಕು. ಅಲ್ಲಿಂದ ಕಾರ್ಯಾಲಯದ ಯಂತ್ರಗಳು ಕಾಣದಂತೆ ತಂತ್ರಜ್ಞರಿಂದ ವ್ಯವಸ್ಥೆ ಮಾಡಿಸಬೇಕು. ರೌಟರಿನೊಂದಿಗೆ ಬಂದ ಮೂಲ ಗುಪ್ತಪದವನ್ನು ಹಾಗೆಯೇ ಬಿಡಬಾರದು.

ಕಾನೂನು ಮತ್ತು ಹೊಣೆ

ವೈ-ಫೈ ಬಳಸುವ ತರಂಗಗಳಿಗೆ ಪ್ರತ್ಯೇಕ ಪರವಾನಗಿ ಬೇಕಿಲ್ಲ. 2.4 ಗಿಗಾಹರ್ಟ್ಸ್ ಪಟ್ಟಿಯನ್ನು 2005ರಲ್ಲಿ, 5 ಗಿಗಾಹರ್ಟ್ಸಿನ ವಿಸ್ತೃತ ಪಟ್ಟಿಯನ್ನು 2018ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರವು ಪರವಾನಗಿಮುಕ್ತಗೊಳಿಸಿದೆ. ಆದರೆ ಬಲಕ್ಕೆ ಮಿತಿಯುಂಟು. ಸಾಧನದ ವ್ಯವಸ್ಥೆಯಲ್ಲಿ ದೇಶವನ್ನು ಭಾರತವೆಂದೇ ಆರಿಸಬೇಕು. ಹೆಚ್ಚು ಬಲಕ್ಕಾಗಿ ಬೇರೆ ದೇಶದ ಹೆಸರು ಆರಿಸುವುದು ನಿಯಮಬಾಹಿರ. ರಸ್ತೆಯನ್ನು ಅಗೆದು ಅಥವಾ ಅಡ್ಡಹಾಯ್ದು ಎಳೆ ಸಾಗಿಸಲು ಆ ರಸ್ತೆಯ ಒಡೆತನದ ಇಲಾಖೆಯ ಅನುಮತಿಯೂ, ವಿದ್ಯುತ್ ಕಂಬ ಬಳಸಲು ಹೆಸ್ಕಾಂ ಅನುಮತಿಯೂ ಅಗತ್ಯ.

ಮನೆಯ ಸಂಪರ್ಕವನ್ನು ಅದೇ ಕುಟುಂಬದ ಇನ್ನೊಂದು ಕಟ್ಟಡಕ್ಕೆ ಒಯ್ಯುವುದು ಒಂದು. ನೆರೆಯವರಿಗೆ ಹಣಕ್ಕೆ ಹಂಚುವುದು ಇನ್ನೊಂದು. ಸಂಪರ್ಕದಿಂದ ನಡೆದ ಯಾವುದೇ ದುರ್ಬಳಕೆಗೆ ಮೊದಲು ಪ್ರಶ್ನೆಗೊಳಗಾಗುವವರು ಯಾರ ಹೆಸರಿನಲ್ಲಿ ಸಂಪರ್ಕವಿದೆಯೋ ಅವರೇ. ಸಾರ್ವಜನಿಕರಿಗೆ ವೈ-ಫೈ ಒದಗಿಸಲಿಚ್ಛಿಸುವ ಅಂಗಡಿಕಾರರಿಗೆ, 2020ರ ಡಿಸೆಂಬರಿನಲ್ಲಿ ಕೇಂದ್ರ ಸಚಿವ ಸಂಪುಟವು ಅನುಮೋದಿಸಿದ ಪಿಎಂ-ವಾಣಿ ವ್ಯವಸ್ಥೆಯಡಿ ಪರವಾನಗಿಯಿಲ್ಲದೆ ಸಾರ್ವಜನಿಕ ಡೇಟಾ ಕೇಂದ್ರ ನಡೆಸಲು ಅವಕಾಶವಿದೆ. ಈ ವಿಷಯವನ್ನು ಸದಸ್ಯರು ತಮ್ಮ ವಾರ್ಡಿನ ಜನರಿಗೆ ತಿಳಿಸಬಹುದು.

ಸಭೆಯ ನಿರ್ಣಯಕ್ಕೆ ಮುನ್ನ ಪರಿಶೀಲಿಸಬೇಕಾದ ಅಂಶಗಳು

ಪಂಚಾಯತಿ ನಿಧಿಯಿಂದ ಇಂತಹ ಕಾಮಗಾರಿಯನ್ನು ಕೈಗೊಳ್ಳುವಾಗ, ಪ್ರಸ್ತಾವವು ಸಾಮಾನ್ಯ ಸಭೆಗೆ ಬಂದ ಸಂದರ್ಭದಲ್ಲಿ ಸದಸ್ಯರು ಕೆಳಗಿನ ಅಂಶಗಳನ್ನು ಕೇಳಿ ತಿಳಿಯುವುದು ಸೂಕ್ತ.

ಅ. ಮೂಲ ಸಂಪರ್ಕದ ವೇಗವನ್ನು ತಂತಿಯ ಮೂಲಕ ಅಳೆಯಲಾಗಿದೆಯೇ? ಅಂಕಿಗಳು ಕಡತದಲ್ಲಿವೆಯೇ?

ಆ. ಎರಡು ಕಟ್ಟಡಗಳ ನಡುವಿನ ಅಂತರ, ಮರಗಳು, ರಸ್ತೆ ಮತ್ತು ಹಳ್ಳಗಳನ್ನು ತೋರಿಸುವ ಕೈನಕ್ಷೆ ಇದೆಯೇ?

ಇ. ಫೈಬರ್ ಮಾರ್ಗವನ್ನು ಮೊದಲು ಪರಿಗಣಿಸಲಾಗಿದೆಯೇ? ಕೈಬಿಟ್ಟಿದ್ದರೆ ಕಾರಣವೇನು?

ಈ. ಅಂದಾಜಿನಲ್ಲಿ ಅರ್ಥಿಂಗ್, ಸರ್ಜ್ ಅರೆಸ್ಟರ್ ಮತ್ತು ಎರಡೂ ತುದಿಗಳ ಬ್ಯಾಟರಿ ಸೇರಿವೆಯೇ? ಬೆಲೆ ತಗ್ಗಿಸಲು ಮೊದಲು ಕೈಬಿಡಲಾಗುವ ವಸ್ತುಗಳು ಇವೇ.

ಉ. ಖರೀದಿಯು ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999 ಮತ್ತು ಅದರ ನಿಯಮಗಳಿಗೆ ಅನುಗುಣವಾಗಿದೆಯೇ?

ಊ. ಹಣ ಪಾವತಿಗೆ ಮುನ್ನ ಎರಡನೆಯ ಕಟ್ಟಡದಲ್ಲಿಯೇ ವೇಗದ ಪರೀಕ್ಷೆ ನಡೆಸುವ ಷರತ್ತು ಇದೆಯೇ?

ಋ. ಗುಪ್ತಪದಗಳು, ಎಳೆಯ ದಾರಿಯ ನಕ್ಷೆ ಮತ್ತು ಖಾತರಿ ಪತ್ರಗಳನ್ನು ಕಾರ್ಯಾಲಯದ ವಶಕ್ಕೆ ಪಡೆಯಲಾಗುವುದೇ? ಅಳವಡಿಸಿದವರು ಊರು ಬಿಟ್ಟ ಬಳಿಕ ದುರಸ್ತಿಗೆ ಆಧಾರ ಇವು ಮಾತ್ರ.

ಕಾಮಗಾರಿ ಮುಗಿದ ಮೇಲೆ ವರ್ಷಕ್ಕೆರಡು ಬಾರಿ, ಮೇ ತಿಂಗಳ ಕೊನೆಯಲ್ಲಿ ಮತ್ತು ಮಳೆ ನಿಂತ ಬಳಿಕ, ಕೊಂಬೆ ಸವರುವಿಕೆ, ಕಂಬದ ಬಿಗಿತ, ಅರ್ಥಿಂಗ್ ಹಾಗೂ ಬ್ಯಾಟರಿಯ ತಪಾಸಣೆ ನಡೆಸತಕ್ಕದ್ದು. ಈ ಹೊಣೆಯನ್ನು ನಿರ್ದಿಷ್ಟ ಸಿಬ್ಬಂದಿಯೊಬ್ಬರಿಗೆ ವಹಿಸಿ ನಡಾವಳಿಯಲ್ಲಿ ದಾಖಲಿಸಿದಲ್ಲಿ ಕೆಲಸ ತಪ್ಪದೆ ನಡೆಯುತ್ತದೆ. ಮನೆಯಲ್ಲಿ ಇದೇ ತಪಾಸಣೆಯನ್ನು ಮಳೆಗಾಲದ ಸಿದ್ಧತೆಯಾಗಿ ಮಾಡಿನ ಹೆಂಚು ಸರಿಪಡಿಸುವ ದಿನವೇ ಮುಗಿಸಿಕೊಳ್ಳಬಹುದು.